ಮಾವ ನೋಡಬೇಕೆಂದ ಮೀನು

ಬೇಸಿಗೆಯಲ್ಲಿ ಬೆಟ್ಟದ ಹಳ್ಳ ಬತ್ತುತ್ತ ಬಂದಾಗ ಒಂದು ವಾಸನೆ ಏಳುತ್ತದೆ. ಕೊಳೆತ ವಾಸನೆಯಲ್ಲ. ಬಿಸಿಲಿಗೆ ಕಾದ ಕಲ್ಲು, ಒಣಗಿದ ಪಾಚಿ, ಬೆಚ್ಚಗಾದ ನೀರು ಮೂರೂ ಸೇರಿ ಬರುವಂಥದ್ದು. ಯಾರಿಗಾದರೂ ಅದು ಬಾಲ್ಯದ ಈಜಾಟ ನೆನಪಿಸಬಹುದು. ನನಗೆ ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳೋಣ ಅನ್ನಿಸುತ್ತದೆ.

ಈ ಬೇಸಿಗೆಯಲ್ಲಿ ಅಜ್ಜೀಪುರದ ಹತ್ತಿರ ಅಮ್ಮನ ತವರಿನವರ ಗೃಹಪ್ರವೇಶವಿತ್ತು. ಯಳಂದೂರಿನಿಂದ ಕಾರಿನಲ್ಲಿ ಹೊರಟಿದ್ದೆವು. ನನ್ನ ಗಂಡನ ಸೋದರಮಾವ ಪುಟ್ಟಬಸಪ್ಪನವರು ಎಂದಿನಂತೆ ಮುಂದಿನ ಸೀಟಿನಲ್ಲಿ. ಹನೂರು ದಾಟಿ ಒಂದು ಸಣ್ಣ ಸೇತುವೆ ಬಂತು. "ನಿಲ್ಸಪ್ಪ, ನಿಲ್ಸು" ಅಂದರು. ಕಿಟಕಿ ಇಳಿಸಿದ್ದೇ ತಡ, ಆ ವಾಸನೆ ಒಳಗೆ ನುಗ್ಗಿತು.

"ಇದೇ ಅಳ್ಳ ಅಲ್ವೇನವ್ವ ಶೈಲಾ? ನಿಮ್ಮಣ್ಣ ಮೀನ್ಗೆ ಜೀವದಾನ ಮಾಡುದ್ದು?"

"ಹೂಂ ಮಾವ" ಅಂದೆ. ಕಿಟಕಿ ಏರಿಸಿದ ಮೇಲೂ ವಾಸನೆ ಹೋಗಲಿಲ್ಲ.

ಅದು ನನ್ನ ಮದುವೆ ಕುದುರುತ್ತಿದ್ದ ಬೇಸಿಗೆ. ಕುದುರುತ್ತಿತ್ತು ಅನ್ನುವುದಕ್ಕಿಂತ ಕುಂಟುತ್ತಿತ್ತು ಅನ್ನುವುದೇ ಸರಿ. ವಯಸ್ಸು ಮೂವತ್ತರ ಹೊಸ್ತಿಲಲ್ಲಿತ್ತು. ಅದಕ್ಕೆ ಮೊದಲು ಎರಡು ಸಂಬಂಧ ಮುರಿದುಬಿದ್ದಿದ್ದವು, ಒಂದು ಜಾತಕದಿಂದ, ಇನ್ನೊಂದು ನನ್ನ ಬಾಯಿಯಿಂದ. ಆಗ ಬಂದದ್ದು ಯಳಂದೂರಿನ ಮಲ್ಲಿಕಾರ್ಜುನ ಅವರ ಸಂಬಂಧ. ಹೆಣ್ಣು ನೋಡಲು ಬಂದವರು ಹಾಡು ಬರುತ್ತಾ, ಹೋಳಿಗೆ ಬರುತ್ತಾ ಅಂತ ಕೇಳುತ್ತಾರೆ. ಇವರು, "ನಿಮ್ಮ ಸ್ಕೂಲಲ್ಲಿ ಊಟ ಆದ್ಮೇಲೆ ಮಕ್ಕಳು ತೂಕಡಿಸಿದ್ರೆ ಏನ್ಮಾಡ್ತೀರಿ ಮೇಡಂ?" ಅಂತ ಕೇಳಿದರು. "ನಾನೂ ತೂಕಡಿಸ್ತೀನಿ" ಅಂದೆ. ಮನಸಾರೆ ನಕ್ಕರು. ಅವತ್ತೇ ನನಗೆ ಅವರು ಹಿಡಿಸಿಬಿಟ್ಟರು. ಎಷ್ಟು ಹಿಡಿಸಿದರೆಂದರೆ ಅವರ ಫೋನು ಬರುವ ಹೊತ್ತಿಗೆ ಚಾರ್ಜರ್ ಪಕ್ಕದಲ್ಲೇ ಕೂತಿರುತ್ತಿದ್ದೆ. ಆದರೆ ಆ ಮನೆಯಲ್ಲಿ ತಂದೆ ಇಲ್ಲ. ಹೂಂ ಅನ್ನಬೇಕಾದವರು, ಊಹೂಂ ಅನ್ನಬೇಕಾದವರು, ಇಬ್ಬರೂ ಒಬ್ಬರೇ, ಪುಟ್ಟಬಸಪ್ಪ ಮಾವ.

ನಾವು ಮಧುವನಹಳ್ಳಿಯವರು. ಕೇಕು ತಂದರೆ ಮೊಟ್ಟೆ ಹಾಕಿದ್ದಾರಾ ಅಂತ ಅಂಗಡಿಯವನನ್ನು ಆಣೆಯಿಟ್ಟು ಕೇಳುವ ಮನೆ ನಮ್ಮದು. ಲಿಂಗಪೂಜೆ ಮಾಡದೆ ಅಪ್ಪ ಕಾಫಿ ಕೂಡ ಮುಟ್ಟುವುದಿಲ್ಲ. ಅಂಥ ಮನೆಯಲ್ಲಿ ನನ್ನ ಅಣ್ಣ ನಂಜುಂಡನಿಗೆ ಮೀನು ಹಿಡಿಯುವ ಹುಚ್ಚು ಹತ್ತಿತು. ಕೊಳ್ಳೇಗಾಲದಲ್ಲಿ ಅವನದು ರೇಷ್ಮೆ ನೂಲಿನ ಅಂಗಡಿ. ಮಗ್ಗದ ಮನೆಗಳಿಗೆ ನೂಲು ಕೊಡುತ್ತಾನೆ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಫೋನಿನಲ್ಲಿ ಅದೇನು ನೋಡಿದನೋ, ಯಾವುದೋ ದೇಶದವರು ತಣ್ಣನೆಯ ತೊರೆಯಲ್ಲಿ ಮಂಡಿಯುದ್ದ ನೀರಿನಲ್ಲಿ ನಿಂತು ದಾರ ಬೀಸುವುದನ್ನು ನೋಡಿ ಮರುಳಾದ. ಒಂದು ದಿನ ಕೊರಿಯರಿನವನು ಉದ್ದನೆಯ ಕೊಳವೆ ತಂದುಕೊಟ್ಟ. "ಬೋರ್‌ವೆಲ್ ಪೈಪಾ?" ಅಂತ ಅಪ್ಪ ಕೇಳಿದರು. ಅಣ್ಣ ಹೂಂ ಅಂದ.

ಒಳಗಿದ್ದದ್ದು ಗಾಳದ ಕೋಲು. ಈ ಬಗೆಯ ಗಾಳಕ್ಕೆ ಎರೆಹುಳು ಗಿರೆಹುಳು ಬೇಕಿಲ್ಲ. ಗಾಳದ ಮುಳ್ಳಿಗೆ ಗರಿಯ ಎಸಳು, ರೇಷ್ಮೆ ಎಳೆ ಸುತ್ತಿ ಸುಳ್ಳು ನೊಣ ಮಾಡುತ್ತಾರೆ. ಹಗುರವಾದ ದಾರ ಬೀಸಿ ನೊಣವನ್ನು ನೀರಿನ ಮೇಲೆ ಇಳಿಸಿದರೆ ಮೀನು ನಿಜವಾದ ನೊಣವೆಂದು ನುಂಗುತ್ತದೆ. ರೇಷ್ಮೆ ಎಳೆಗೆ ಅವನಿಗೇನು ಬರ? ಗರಿಗೆ ಮಾತ್ರ ಕಷ್ಟ. ಕೋಳಿ ಗರಿ ಮನೆಗೆ ತಂದರೆ ಅಮ್ಮ ಪೊರಕೆ ತಗೊಳ್ಳುತ್ತಾಳೆ. ಕೊನೆಗೆ ದೇವರ ಕೋಣೆಯ ನವಿಲುಗರಿ ಕಟ್ಟಿನ ಮೇಲೆ ಅವನ ಕಣ್ಣು ಬಿತ್ತು. ಕಟ್ಟು ದಿನೇ ದಿನೇ ಬಡವಾಯಿತು. "ಅಯ್ಯೋ ಇವುಗಳ ಮನೆ ಕಾಯೋಗ, ನವಿಲ್ಗರೀನೂ ಬುಡಲ್ವಲ್ಲ!" ಅಂತ ಅಮ್ಮ ಜಿರಳೆಗಳನ್ನು ಬೈಯುತ್ತಿದ್ದಳು. ನನಗೆ ಗೊತ್ತಿತ್ತು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ರಜೆ ಸಿಕ್ಕರೆ ಅಣ್ಣ ಅಜ್ಜೀಪುರಕ್ಕೆ ಹೋಗುತ್ತಿದ್ದ. ಕಾಡಿನ ಬೇಲಿಯಿಂದ ಈಚೆ, ಅಮ್ಮನ ತವರಿನ ಜಮೀನಿನ ಬದುವಿಗೆ ತಾಗಿಕೊಂಡೇ ಬೆಟ್ಟದ ಹಳ್ಳ ಇಳಿದುಬರುತ್ತದೆ. ಅಲ್ಲಿ ಗೆಂಡೆ ಮೀನುಗಳಿವೆ. ಮುಳ್ಳಿನ ತುದಿಯಲ್ಲಿ ಹಿಂದಕ್ಕೆ ಚಾಚಿದ ಸಣ್ಣ ಕೊಕ್ಕೆಯನ್ನು ಇಕ್ಕಳದಲ್ಲಿ ಅಮುಕಿ ಚಪ್ಪಟೆ ಮಾಡಿಕೊಂಡಿರುತ್ತಿದ್ದ, ಮೀನಿಗೆ ಗಾಯ ಆಗಬಾರದೆಂದು. ಹಿಡಿಯುವುದು, ಒದ್ದೆ ಕೈಯಲ್ಲಿ ಒಂದು ಗಳಿಗೆ ನೋಡುವುದು, ಬಿಡುವುದು. ತಿನ್ನುವುದಂತೂ ಇಲ್ಲವೇ ಇಲ್ಲ. ಬೇಸಿಗೆ ಬಂದರೆ ಅದೂ ಇಲ್ಲ. ಜ್ವರ ನೋಡುವ ಕಡ್ಡಿಯಂಥದ್ದೊಂದನ್ನು ಹಳ್ಳಕ್ಕೆ ಅದ್ದಿ ನೋಡಿ, ನೀರು ಬಿಸಿಯಾಗಿದ್ದರೆ ಕೋಲನ್ನು ಹಳೇ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಬಿಡುತ್ತಿದ್ದ. "ಬಿಸಿನೀರಲ್ಲಿ ಅದ್ಕೆ ಮೊದ್ಲೇ ಉಸ್ರು ಕಟ್ಟಿರ್ತದೆ ಕಣವ್ವ. ಅದರ ಮೇಲೆ ನಾವು ಎಳೆದಾಡುದ್ರೆ, ಬುಟ್ರೂ ಬದ್ಕಲ್ಲ" ಅನ್ನುತ್ತಿದ್ದ. ಆ ವರ್ಷ ಯುಗಾದಿಯ ಮಳೆಯೂ ಕೈಕೊಟ್ಟಿತ್ತು. ಕೋಲು ಬೇಗನೆ ಅಟ್ಟ ಸೇರಿತ್ತು.

ಎಲ್ಲ ಕೆಡಿಸಿದ್ದು ಒಂದು ಫೋಟೋ. ಚಳಿಗಾಲದಲ್ಲಿ ತೆಗೆದದ್ದನ್ನು ಅವನು ಯಾವುದೋ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಅದು ಊರೂರು ಸುತ್ತಿ ಯಳಂದೂರಿಗೆ ಬಂತು. ಎರಡೂ ಕೈಯಲ್ಲಿ ಹೊಳೆಯುವ ಗೆಂಡೆ ಹಿಡಿದು ಅಣ್ಣ ಹಲ್ಲು ಕಿರಿದಿದ್ದಾನೆ. ಅಂಗಿಯ ಗುಂಡಿ ಬಿಚ್ಚಿದೆ. ಎದೆಯ ಮೇಲೆ, ಮೀನಿಗೆ ತಾಗುವಷ್ಟು ಹತ್ತಿರದಲ್ಲಿ, ಲಿಂಗವಿಟ್ಟ ಬೆಳ್ಳಿಯ ಕರಡಿಗೆ.

ವೀಳ್ಯಶಾಸ್ತ್ರಕ್ಕೆ ದಿನ ನೋಡುತ್ತಿದ್ದ ಹೊತ್ತಿಗೆ ಮಾವನ ಫೋನು ಬಂತು. ಅಪ್ಪ ಸ್ಪೀಕರ್ ಹಾಕಿದರು.

"ಏನ್ರೀ ಇದು? ಕೊರಳಲ್ಲಿ ಲಿಂಗ, ಕೈಲಿ ಮೀನು! ಇಂತಾ ಮನೆಯಿಂದ ಎಣ್ಣು ತರದಾ ಅಂತ ನಮ್ಮೋರು ಕೇಳ್ತಾವ್ರೆ. ಏನ್ ಯೋಳ್ಲಿ ನಾನು?"

ಅಪ್ಪನ ಮುಖ ಸುಣ್ಣವಾಯಿತು. "ಅದು... ಈಗಿನ ಕಾಲ್ದಲ್ಲಿ ಯಾರ ತಲೆ ಯಾರ್ಗೆ ಬೇಕಾದ್ರೂ ಅಂಟುಸ್ತರೆ ಸಾಮಿ..." ಅಂತ ತೊದಲಿದರು. ಅಣ್ಣ ಪಕ್ಕದಲ್ಲೇ ನಿಂತಿದ್ದ. ಸುಮ್ಮನಿರಬಾರದಾ?

"ಅಂಟ್ಸಿಲ್ಲ ಸಾ, ನಾನೇ ಅದು. ಇಡೀತೀನಿ, ಬುಟ್ಬುಡ್ತೀನಿ. ತಿನ್ನಲ್ಲ, ಸಾಯ್ಸಲ್ಲ."

"ಬುಡಕ್ಕೇ ಆದ್ರೆ ಯಾಕಪ್ಪ ಇಡೀತೀಯ?"

"ನೋಡಕ್ಕೆ ಸಾ" ಅಂದ ಅಣ್ಣ. ನನಗೆ ನೆಲ ಬಾಯಿಬಿಡಬಾರದಾ ಅನ್ನಿಸಿತು.

ಮಾವ ಕೆಟ್ಟವರಲ್ಲ. "ಅಂಗಾರೆ ನಾನೂ ನೋಡ್ತೀನಿ. ಇಡ್ದು ಬುಡಾದ ನನ್ ಕಣ್ಣಾರ ನೋಡ್ಬುಟ್ಟು, ನಮ್ಮೋರ ಬಾಯಿ ನಾನೇ ಮುಚ್ಚುಸ್ತೀನಿ. ಭಾನ್ವಾರ ಬತ್ತೀನಿ" ಅಂದರು. ಅಪ್ಪನಿಗೆ ಹೋದ ಜೀವ ಬಂದಂತಾಯಿತು. ಅಣ್ಣ ಮಾತ್ರ, "ಈಗ ಆಗಲ್ಲ ಸಾ. ನೀರು ಬಿಸಿ ಆಗದೆ. ಮಳೆ ಬರ್ಲಿ" ಅಂದ.

"ಮಳೆ ಬರಗಂಟ ಎಣ್ಣು ಕಾಯ್ತದಾ?" ಅಂದರು ಮಾವ. ಆಮೇಲೆ ಅಣ್ಣ, ಹಾಗಾದರೆ ನೀರು ತಣ್ಣಗಿರುವ ಹೊತ್ತಿಗೆ, ಬೆಳಗಿನ ಜಾವ ಬನ್ನಿ ಅಂತ ಅಂಗಲಾಚಿದ. "ಶಿವಪೂಜೆ ಮುಗೀದೆ ನಾನು ಹೊಸ್ಲು ದಾಟಲ್ಲ ಕಣಪ್ಪ" ಅಂತ ಮಾವ ಫೋನಿಟ್ಟರು. ಮೀನಿನ ಜೀವ ಉಳಿಯುವುದನ್ನು ನೋಡಬೇಕಾದವರು ಪೂಜೆ ಮುಗಿಸಿ, ಫಲಾಹಾರ ಮಾಡಿ, ನೆತ್ತಿಯ ಮೇಲೆ ಸೂರ್ಯ ಬಂದ ಮೇಲೆ ಬರುವವರು. ಅದರಲ್ಲಿ ಏನಾದರೂ ತಪ್ಪಿದೆ ಅಂತ ನಮಗ್ಯಾರಿಗೂ ಹೊಳೆಯಲಿಲ್ಲ.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ! ಬುಡ್ತೀನಿ ಅಂತಾನೆ, ಬುಟ್ಟು ತೋರ್ಸು ಅಂದ್ರೆ ನೀರು ಬಿಸಿ ಅಂತಾನೆ. ನೀನು ತಿಂತಿದ್ದೀಯೋ ಏನ್ಲಾ?" ಅಂತ ಅಪ್ಪ ಕಿರುಚಾಡಿದರು. ಆ ಮಾತಿಗೆ ಅಣ್ಣನ ಕಣ್ಣು ತುಂಬಿತು. ನಾನು ಅವನ ಪರ ಒಂದು ಮಾತಾಡಬಹುದಿತ್ತು. ಆದರೆ ನನ್ನ ತಲೆಯಲ್ಲಿ ಇದ್ದದ್ದು ಬರೀ ಯಳಂದೂರು. ಮಲ್ಲಿಕಾರ್ಜುನ ಫೋನಿನಲ್ಲಿ, "ನನಗೇನೂ ಇಲ್ಲ ಶೈಲಾ, ಮಾವ ಒಪ್ಪಿದ್ರೆ ಸಾಕು" ಅಂದಿದ್ದರು. ಗಂಡಸರ ಧೈರ್ಯ ಅಷ್ಟರಲ್ಲೇ ಇತ್ತು.

ಹಿತ್ತಿಲಲ್ಲಿ ಕೂತಿದ್ದ ಅಣ್ಣನ ಹತ್ತಿರ ಹೋಗಿ, "ಒಂದೇ ಒಂದು ಮೀನು ಕಣಣ್ಣ. ಎಷ್ಟು ಹಿಡಿದು ಬಿಟ್ಟಿಲ್ಲ ನೀನು? ಇದೊಂದು ನನ್ನ ಲೆಕ್ಕಕ್ಕೆ ಹಿಡಿ" ಅಂದೆ. ಅವನು ಎದ್ದು ಹೋಗಿ ಅಟ್ಟದಿಂದ ಪಂಚೆಯ ಗಂಟು ಇಳಿಸಿದ.

ಭಾನುವಾರ ಅಜ್ಜೀಪುರದ ಹಳ್ಳಕ್ಕೆ ನಾವು ದಿಬ್ಬಣದಂತೆ ಇಳಿದೆವು. ಮುಂದೆ ಕೋಲು ಹಿಡಿದ ಅಣ್ಣ, ಹಿಂದೆ ಅಪ್ಪ, ಬುತ್ತಿ ಹೊತ್ತ ಅಮ್ಮ, ನಾನು, ಕೊಡೆ ಹಿಡಿದ ಮಾವ. ಹಳ್ಳ ಅನ್ನುವುದಕ್ಕೆ ಏನೂ ಉಳಿದಿರಲಿಲ್ಲ. ಅಲ್ಲೊಂದು ಇಲ್ಲೊಂದು ಗುಂಡಿ, ನಡುವೆ ಬೆರಳು ದಪ್ಪದ ನೀರು. ಬಂಡೆಯ ಮೇಲೆ ಬರಿಗಾಲಿಟ್ಟರೆ ಚುರ್ ಅನ್ನುತ್ತಿತ್ತು. ಅಣ್ಣ ತನ್ನ ಕಡ್ಡಿ ಅದ್ದಿ ನೋಡಿ, ಜೇಬಿಗಿಟ್ಟುಕೊಂಡ.

ನೀರು ಕಡಿಮೆಯಿದ್ದಾಗ ಮೀನಿಗೆ ನಮ್ಮ ನೆರಳು ಕಂಡರೂ ಸಾಕು, ಓಡುತ್ತದೆ. ಅಣ್ಣ ಮಂಡಿಯೂರಿ, ಬಗ್ಗಿ, ಬಂಡೆಯ ಮರೆಯಲ್ಲಿ ತೆವಳುತ್ತ ಹೋಗುತ್ತಿದ್ದ. ಮಾವ ಎದುರಿನ ಬಂಡೆಯ ಮೇಲೆ ಬಿಳಿ ಪಂಚೆಯಲ್ಲಿ ನಿಂತು, "ಅಗಾ! ಅಗಾ! ಅಲ್ಲೊಂದು ದಪ್ದು ಅದೆ ನೋಡ್ಲಾ!" ಅಂತ ಕೊಡೆ ಚಾಚಿ ತೋರಿಸುತ್ತಿದ್ದರು. ಎಲ್ಲ ಮೀನೂ ಚೆಲ್ಲಾಪಿಲ್ಲಿ. ಮುಂದಿನ ಗುಂಡಿಗೆ ಹೋದರೆ ಅಲ್ಲೂ ಅದೇ ಕತೆ. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೂ ನಗು ಬಂತು. ಮೀನು ಸಿಕ್ಕದೇ ಹೋದರೆ ಎಂಬ ಭಯವೂ ಬಂತು. "ಮಾದಪ್ಪ, ಒಂದು ಸಿಗಂಗೆ ಮಾಡಪ್ಪ" ಅಂತ ನಾನು ಕೈಮುಗಿದೆ. ಮಾಂಸ ಮುಟ್ಟದ ಮನೆಯ ಹೆಣ್ಣು ದೇವರನ್ನು ಮೀನು ಬೇಡಿದ್ದು ಅವತ್ತೇ ಮೊದಲಿರಬೇಕು.

ಮೇಲಿನ ಗುಂಡಿಯಲ್ಲಿ ಸಿಕ್ಕಿತು. ಸುಳ್ಳು ನೊಣ ನೀರಿಗೆ ಇಳಿದದ್ದು ಸದ್ದೇ ಆಗಲಿಲ್ಲ. ಕೆಳಗಿನಿಂದ ಒಂದು ಬೆಳ್ಳಗಿನ ಹೊಟ್ಟೆ ಹೊರಳಿತು, ಕೋಲು ಬಾಗಿತು. ಅಣ್ಣ ದಾರ ಸಡಿಲ ಬಿಟ್ಟದ್ದನ್ನು ನಾನು ಕಂಡೆ. ಕೊಕ್ಕೆಯಿಲ್ಲದ ಮುಳ್ಳು, ಸಡಿಲ ಬಿಟ್ಟರೆ ಕಳಚಿಕೊಳ್ಳುತ್ತದೆ. ಕಳಚಿಕೊಳ್ಳಲಿ ಅಂತಲೇ ಬಿಟ್ಟ. ಅದು ಕಳಚಿಕೊಳ್ಳಲಿಲ್ಲ. ಗುಂಡಿಯ ಆ ಮೂಲೆಗೆ ಈ ಮೂಲೆಗೆ ಓಡಿ ಓಡಿ ಸುಸ್ತಾಗಿ ದಡದ ಹತ್ತಿರ ಬಂತು. ಮೊಳಕೈ ಉದ್ದದ ಗೆಂಡೆ. ಅಣ್ಣ ಅದನ್ನು ನೀರಿನಲ್ಲೇ ಹಿಡಿದುಕೊಂಡು, "ನೋಡುದ್ರಾ ಸಾ? ಬುಡ್ಲಾ?" ಅಂದ.

"ಎತ್ಲಾ ಮ್ಯಾಕೆ, ಕಾಣ್ಲಿ!"

ಎತ್ತಿದ.

"ತಡಿ ತಡಿ, ಬುಡ್ಬೇಡ! ನಮ್ಮೋರ್ಗೆ ತೋರ್ಸಕ್ಕೆ ಬ್ಯಾಡ್ವಾ?" ಮಾವ ಜೇಬಿನಿಂದ ಫೋನು ತೆಗೆದರು. ಬೆವರಿದ ಬೆರಳಿಗೆ ಫೋನು ತೆರೆಯಲೊಲ್ಲದು. ಪಂಚೆಗೆ ಬೆರಳು ಒರೆಸಿದರು. ಮತ್ತೆ ಒತ್ತಿದರು. "ಲಾಕಾಯ್ತಲ್ಲಪ್ಪ ಇದು" ಅಂದರು. ಅಣ್ಣನ ಕೈಯಲ್ಲಿ ಮೀನು ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. "ಸಾ, ನೀರಿಗೆ ಬುಡ್ತೀನಿ ಸಾ" ಅಂತ ಅಣ್ಣ ಅಂದ. "ಇರ್ಲಾ, ಬಂತು!" ಅಂತ ಅಪ್ಪ ಗದರಿದರು. ನಾನು ಓಡಿಹೋಗಿ ಮಾವನ ಫೋನು ಇಸಕೊಂಡು ಫೋಟೋ ತೆಗೆದೆ. ಒಂದು ಸಾಲದೆಂದು ಇನ್ನೊಂದನ್ನೂ ತೆಗೆದೆ.

ಅಣ್ಣ ನೀರಿಗಿಳಿದು ಮೀನನ್ನು ಹರಿವಿಗೆ ಮುಖ ಮಾಡಿ ಹಿಡಿದ. ಹರಿವೆಲ್ಲಿತ್ತು, ಅವನೇ ಹಿಂದೆ ಮುಂದೆ ಆಡಿಸಬೇಕಾಯಿತು. ಕೊನೆಗೆ ಅದು ಬಾಲ ಅಲ್ಲಾಡಿಸಿತು, ಕೈಯಿಂದ ಜಾರಿತು, ಬಂಡೆಯ ನೆರಳಿಗೆ ಹೋಯಿತು. "ಶಿವಾ!" ಅಂತ ಮಾವ ಎರಡೂ ಕೈಯೆತ್ತಿ ಮುಗಿದರು. "ಜೀವದಾನ ಮಾಡೋ ಕೈ ಕಣಪ್ಪ ಇದು. ಇಂತಾ ಮನೆ ಎಣ್ಣು ನಮಗೆ ಬೇಕು." ಅಪ್ಪ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. ನನಗೆ ಕುಣಿಯುವಂತಾಯಿತು.

ಹೊಂಗೆ ಮರದ ಕೆಳಗೆ ಅಮ್ಮ ಎಲೆ ಹಾಕಿದಳು. ವೀಳ್ಯಕ್ಕೆ ದಿನ ಗೊತ್ತಾಯಿತು, ಛತ್ರದ ಮಾತೂ ಬಂತು. ಅಣ್ಣ ಬರಲೇ ಇಲ್ಲ. ನಾನು ಕರೆಯಲು ಹೋದೆ.

ಅವನು ಅದೇ ಗುಂಡಿಯಲ್ಲಿ ಬಗ್ಗಿ ನಿಂತಿದ್ದ. ಬೆನ್ನಿನ ಮೇಲೆ ಅಂಗಿ ಒದ್ದೆಯಾಗಿ ಅಂಟಿಕೊಂಡಿತ್ತು. ಎರಡೂ ಕೈಯಲ್ಲಿ ಗೆಂಡೆ. ಹಿಂದೆ, ಮುಂದೆ, ಹಿಂದೆ, ಮುಂದೆ ಆಡಿಸುತ್ತಿದ್ದ. ಕೈ ಸಡಿಲಿಸಿದರೆ ಅದು ಹೊಟ್ಟೆ ಮೇಲಾಗಿ ಮಗುಚುತ್ತಿತ್ತು. ಮತ್ತೆ ಸರಿಮಾಡಿ ಆಡಿಸುತ್ತಿದ್ದ. ಅದು ಸತ್ತು ಎಷ್ಟು ಹೊತ್ತಾಗಿತ್ತೋ, ಕಣ್ಣು ಆಗಲೇ ಮಂಜಾಗಿತ್ತು.

"ಮಾವ ಒಪ್ಪಿದರು ಅಣ್ಣ" ಅಂದೆ.

"ಒಳ್ಳೇದಾಯ್ತು ಕಣವ್ವ" ಅಂದ. ಕೊಂಕಿನಿಂದ ಅನ್ನಲಿಲ್ಲ. ನನ್ನ ಮದುವೆಯ ಖುಷಿ ನಿಜವಾಗಿಯೂ ಅವನಿಗಿತ್ತು. ಒಮ್ಮೆ ಬೈದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಮರಳು ತೋಡಿ ಮೀನನ್ನು ಹೂತ, ನಮ್ಮವರು ಸತ್ತರೆ ಮಣ್ಣು ಮಾಡುವ ಹಾಗೆ. ಕೈ ತೊಳೆದುಕೊಂಡು ಬಂದು ಎಲೆಯ ಮುಂದೆ ಕೂತ. ಮಾವ ಅವನ ಎಲೆಗೆ ತಾವೇ ಒಬ್ಬಟ್ಟು ಹಾಕಿದರು. ಕೊಲ್ಲುವವನಲ್ಲ ಎಂದು ತೋರಿಸಲು ನಾವೆಲ್ಲ ಸೇರಿ ಅವನ ಕೈಯಲ್ಲಿ ಒಂದು ಜೀವ ಕೊಲ್ಲಿಸಿದ್ದೆವು, ಅವನು ಆ ಒಬ್ಬಟ್ಟು ತಿಂದ.

ಮದುವೆಯಾಯಿತು. ಛತ್ರದಲ್ಲಿ ಮಾವ ಆ ಫೋಟೋ ತೋರಿಸಿದ್ದೇ ತೋರಿಸಿದ್ದು. ಮಳೆ ಬಂದು ಹಳ್ಳ ತುಂಬಿದಾಗ ಅಣ್ಣ ಹೋಗಬಹುದೆಂದು ಕಾದೆ. ಹೋಗಲಿಲ್ಲ. ಅವನು ಯಳಂದೂರಿಗೆ ಬಂದಾಗಲೆಲ್ಲ ಮಾವ ಯಾರಾದರೊಬ್ಬರನ್ನು ಕೂರಿಸಿ, "ನಮ್ ಶೈಲನ ಅಣ್ಣ, ಮೀನ್ಗೆ ಜೀವದಾನ ಮಾಡ್ದೋನು" ಅಂತ ಪರಿಚಯ ಮಾಡಿಸುತ್ತಿದ್ದರು. ಅಣ್ಣ ತಲೆ ತಗ್ಗಿಸುತ್ತಿದ್ದ. ವಿನಯ ಅಂದುಕೊಳ್ಳುತ್ತಿದ್ದರು ಎಲ್ಲರೂ. ನಾನು ಅಡುಗೆಮನೆಗೆ ಎದ್ದು ಹೋಗುತ್ತಿದ್ದೆ.

ಗೃಹಪ್ರವೇಶದ ಊಟದಲ್ಲೂ ಅದೇ ಆಯಿತು. ಬೈಕಿನಲ್ಲಿ ಬಂದಿದ್ದ ಅಣ್ಣ ಪಂಕ್ತಿಯಲ್ಲಿ ಮಾವನ ಪಕ್ಕ ಕೂತಿದ್ದ. ಎದುರಿಗೆ ನಾನು. "ಬರ್ತಾ ಆ ಅಳ್ಳ ನೋಡ್ಕಂಡೇ ಬಂದೆ. ಯೋಳಪ್ಪ ನಂಜುಂಡ, ಇವ್ರೂ ಕೇಳ್ಲಿ" ಅಂದರು ಮಾವ.

ಅಣ್ಣ ತಲೆ ಎತ್ತಿದ. "ಸತ್ತೋಯ್ತು ಸಾ ಅದು" ಅಂದ.

ಪಂಕ್ತಿಯವರು ಗೊಳ್ಳೆಂದು ನಕ್ಕರು, ತಮಾಷೆ ಅಂತ. ಯಾರೋ ನನ್ನ ಕಡೆ ತಿರುಗಿ, "ಏನವ್ವ, ನೀನೂ ಇದ್ದಲ್ಲ ಅವತ್ತು?" ಅಂದರು. ಅಣ್ಣ ನನ್ನನ್ನು ನೋಡಲಿಲ್ಲ, ನನ್ನಿಂದ ಏನನ್ನೂ ಬೇಡುವ ಅಭ್ಯಾಸ ಅವನಿಗಿಲ್ಲ. ನನ್ನ ಮುಖ ಕಾದುಹೋಯಿತು.

"ಸತ್ತೋಯ್ತು. ನಾನೇ ನೋಡಿದೆ. ಬೇಡ ಬೇಡ ಅಂದ ಅವನು. ನನ್ನ ಮದುವೆ ಆಗ್ಲಿ ಅಂತ ಹಿಡಿದ" ಅಂದೆ.

ನಗು ನಿಂತಿತು. ಮಾವ ಎಲೆ ನೋಡುತ್ತ ಅನ್ನದ ತುತ್ತನ್ನು ಕೆಳಗಿಟ್ಟರು.

"ಗೊತ್ತು ಕಣವ್ವ" ಅಂದರು. "ಕೈ ತೊಳ್ಯಕ್ಕೆ ಅಂತ ಅವತ್ತು ನಿನ್ನ ಇಂದೇನೇ ಬಂದಿದ್ದೆ. ಅವನು ಮರಳಲ್ಲಿ ಊಳಾದ ನೋಡ್ದೆ. ಇಡಿ ಅಂದೋನು ನಾನು, ಎತ್ಲಾ ಅಂದೋನೂ ನಾನು. ಯಾರ್ಗೆ ಯೋಳ್ಲಿ? ಬದುಕ್ತು ಬದುಕ್ತು ಅಂತ ಯೋಳ್ತಾ ಇದ್ರೆ, ಒಂದಿನ ನನಗೇ ನಂಬ್ಕೆ ಬತ್ತದೆ ಅನ್ಕಂಡಿದ್ದೆ."

ಮಜ್ಜಿಗೆ ಬಡಿಸಲು ಬಂದವರು ಸೌಟು ಹಿಡಿದು ನಿಂತೇ ಇದ್ದರು. ಅಣ್ಣ, ಮಾವ, ನಾನು, ಮೂವರೂ ಎಲೆ ನೋಡುತ್ತ ಕೂತಿದ್ದೆವು, ಯಾರಿಗೂ ಇನ್ನೊಬ್ಬರ ಮುಖ ನೋಡಲಾಗಲಿಲ್ಲ.